ಕತಾರಿಗೆ ಹೋದ ಕರಡಿ ಟೀಚರ್

ಮದೀನತ್ ಖಲೀಫಾ: ಮೊದಲ ಬೆಳಿಗ್ಗೆ

ಕತಾರಿನಲ್ಲಿ ಕರಡಿ ಇಲ್ಲ. ಈ ಮಾತನ್ನು ನಾನು ವಿಮಾನ ಹತ್ತುವ ಮೊದಲೇ ನಮ್ಮೂರಿನವರು ಸಾಲಾಗಿ ಬಂದು ಹೇಳಿ ಹೋಗಿದ್ದರು. "ಅಲ್ಲಿ ಹೋಗಿ ಯಾರಿಗೆ ಪಾಠ ಮಾಡ್ತೀರಿ ಟೀಚರ್? ಒಂಟೀಗೇನು?" ಎಂದು ಕಿರಾಣಿ ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಗಲಿ ಬಿಡಿ. ಹೊಸಪೇಟೆಯ ಆಚೆ, ಬಂಡೆಗುಡ್ಡದ ಬುಡದ ಶಾಲೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಗುಡ್ಡದಲ್ಲಿ ಕರಡಿಗಳಿದ್ದವು, ಬುಡದಲ್ಲಿ ಮಕ್ಕಳಿದ್ದರು. ಇವರಿಬ್ಬರೂ ಮುಖಾಮುಖಿಯಾಗದಂತೆ ನೋಡಿಕೊಳ್ಳುವುದೇ ನನ್ನ ಅರ್ಧ ಉದ್ಯೋಗವಾಗಿತ್ತು.

ಮಬ್ಬುಗತ್ತಲಲ್ಲಿ ಒಬ್ಬರೇ ಹೊಲಕ್ಕೆ ಹೋಗಬೇಡಿ. ಪೊದೆ ದಾಟುವಾಗ, ತಿರುವು ಬಂದಾಗ ಜೋರಾಗಿ ಮಾತಾಡಿ, ಅದಕ್ಕೆ ನೀವು ಬರುವುದು ಮೊದಲೇ ಗೊತ್ತಾಗಲಿ. ಎದುರಾದರೆ ಓಡಬೇಡಿ. ತಾಯಿಗೂ ಮರಿಗೂ ನಡುವೆ ನಿಲ್ಲಬೇಡಿ. ಅಂಗಳದಲ್ಲಿ ಹಣ್ಣು, ಬೆಲ್ಲ, ಎಣ್ಣೆ, ಮುಸುರೆ ಬಿಟ್ಟು ಮಲಗಬೇಡಿ. ಎಲ್ಲಕ್ಕಿಂತ ಮುಖ್ಯ, ಅದು ಹೊರಟುಹೋಗಲು ಒಂದು ದಾರಿ ಬಿಡಿ. ಇಷ್ಟನ್ನು ನಾನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿಸಿದ್ದೆ. ನನ್ನ ಕಾಲದಲ್ಲಿ ಒಂದು ಮಗುವಿಗೂ ಕರಡಿಯ ಉಗುರು ತಾಗಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ಅದಕ್ಕೇ ಊರವರು ನನ್ನನ್ನು ಕರಡಿ ಟೀಚರ್ ಎನ್ನುತ್ತಾರೆ. ಹೆಸರು ಬಂದದ್ದು ಪಾಠದಿಂದಲ್ಲ, ಸ್ವಭಾವದಿಂದ ಎಂದು ನನ್ನ ತಂಗಿ ಸುಮಿತ್ರಾಳ ವಾದ.

ಮದೀನತ್ ಖಲೀಫಾ ಎಂಬ ಬಡಾವಣೆಯಲ್ಲಿರುವ ಈ ಸುಮಿತ್ರಾಳ ಮನೆಗೇ ನಾನು ಹೋದದ್ದು. ಅವಳ ಗಂಡ ಜಗದೀಶ ಮೂಲ್ಕಿ ಕಡೆಯವರು, ಹಮದ್ ಬಂದರಿನಲ್ಲಿ ಕಂಟೇನರುಗಳ ಕಾಗದಪತ್ರ ನೋಡುವ ಕೆಲಸ. ಇಪ್ಪತ್ತು ವರ್ಷ ಅವರ ಜೊತೆಗಿದ್ದು ಇವಳು ತುಳು ಕಲಿತಿದ್ದಾಳೆ, ಕಾರು ಓಡಿಸುವುದನ್ನೂ ಕಲಿತಿದ್ದಾಳೆ. ನನ್ನ ಹತ್ತಿರ ಜಗಳ ಮಾಡುವಾಗ ಮಾತ್ರ ಹಳೆಯ ಹೊಸಪೇಟೆ ಕನ್ನಡ ಹೊರಗೆ ಬರುತ್ತದೆ.

ಮೊದಲ ದಿನ ಬೆಳಿಗ್ಗೆಯೇ ಎಡವಟ್ಟಾಯಿತು. ಒಬ್ಬಳೇ ವಾಕಿಂಗ್ ಹೊರಟೆ. ಎರಡೂ ಕಡೆ ಎತ್ತರದ ಗೋಡೆಯ ವಿಲ್ಲಾಗಳು, ಕಸೂತಿ ಬಿಡಿಸಿದಂತಹ ಕಬ್ಬಿಣದ ಗೇಟುಗಳು, ನರಪಿಳ್ಳೆ ಇಲ್ಲ. ತಿರುವು ಬಂದಾಗಲೆಲ್ಲ ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ಬರಕತ್ತೀನಿ, ಬರಕತ್ತೀನಿ, ಆಚೆ ಸರೀರಿ" ಎಂದು ಕೂಗುತ್ತ ತಿರುಗಿದೆ. ಮೂರನೆಯ ತಿರುವಿನಲ್ಲಿ ನೇಪಾಳದ ಕಾವಲುಗಾರನೊಬ್ಬ ಕುರ್ಚಿಯಿಂದ ಎದ್ದು ನಿಂತ. ನನ್ನ ಕಿವಿ ನೋಡಿದ, ಕೈ ನೋಡಿದ, ಫೋನ್ ಎಲ್ಲೂ ಕಾಣಲಿಲ್ಲ. ಪಾಪ, ಹಿಂದಿಯಲ್ಲಿ ಬಹಳ ಮೃದುವಾಗಿ ಮನೆ ಯಾವುದೆಂದು ಕೇಳಿ, ಬಾಗಿಲವರೆಗೂ ಬಂದು ನನ್ನನ್ನು ತಂಗಿಯ ಕೈಗೆ ಒಪ್ಪಿಸಿ, ಅಮ್ಮನವರನ್ನು ಒಬ್ಬರನ್ನೇ ಕಳಿಸಬೇಡಿ ಎಂದು ಬುದ್ಧಿ ಹೇಳಿ ಹೋದ.

ಆ ನಡಿಗೆಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಹಳ ಗೇಟುಗಳ ಪಕ್ಕದಲ್ಲಿ ಒಂದು ತಟ್ಟೆ, ಒಂದು ಬಟ್ಟಲು ನೀರು. ಉಳಿದ ಅನ್ನವನ್ನು ಇಲ್ಲಿಯ ಜನ ಬೀದಿ ಬೆಕ್ಕುಗಳಿಗೆಂದು ಹೊರಗಿಡುತ್ತಾರೆ. ಬೆಕ್ಕುಗಳೂ ಸೊಕ್ಕಿ ಗುಂಡಗಾಗಿವೆ. ನಮ್ಮೂರಲ್ಲಿ ಹೀಗೆ ಒಂದು ರಾತ್ರಿ ತಟ್ಟೆ ಹೊರಗಿಟ್ಟರೆ ಬೆಳಿಗ್ಗೆ ಹಟ್ಟಿಯ ಬಾಗಿಲೇ ಇರುವುದಿಲ್ಲ. ಕರಡಿಯಿಲ್ಲದ ಊರಿನವರ ಪುಣ್ಯ ಎಂದುಕೊಂಡೆ.

ಶನಿವಾರ: ತೋಟ

ರಜೆಯ ದಿನ ಜಗದೀಶ ನಮ್ಮನ್ನು ಒಂದು ತೋಟಕ್ಕೆ ಕರೆದುಕೊಂಡು ಹೋದರು. ಅಲ್ ರಯ್ಯಾನಿನ ಮನೆಗಳ ಸಾಲು ಮುಗಿದ ಮೇಲೆ ನೆಲ ಚಪಾತಿ ಲಟ್ಟಿಸಿದಂತೆ ಮಟ್ಟಸವಾಗಿತ್ತು. ಗುಡ್ಡವೇ ಇಲ್ಲದ ಊರನ್ನು ನೋಡಿ ನನಗೆ ಸ್ವಲ್ಪ ಹೊತ್ತು ಬೇಜಾರಾಯಿತು. ಆಮೇಲೆ ಎತ್ತರದ ಗೋಡೆ, ಗೋಡೆಯ ಮೇಲೆ ಖರ್ಜೂರದ ತಲೆಗಳು ಕಂಡವು. ಒಳಗೆ ಮೇಕೆಗಳು, ಪಾರಿವಾಳಗಳು, ತಂತಿಬಲೆಯ ಕೋಳಿಗೂಡು. ತೋಟ ಒಬ್ಬ ಹಿರಿಯ ಕತಾರಿಯದ್ದು. ಕೆಲಸದವರೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಾರೆ, ಅಂದರೆ ಧಣಿ. ಪ್ರತಿ ಶುಕ್ರವಾರ ಮಕ್ಕಳು ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದು ಇಲ್ಲೇ ಉಂಡು ಹೋಗುವುದು ಅವರ ಪದ್ಧತಿ.

ತೋಟ ನೋಡಿಕೊಳ್ಳುವವರು ಉಳ್ಳಾಲದ ಹಮೀದ್. ಜಗದೀಶರಿಗೆ ಹಮೀದಾಕ, ನನಗೆ ಹಮೀದಣ್ಣ. ಇಲ್ಲಿ ಹದಿನೆಂಟು ವರ್ಷದಿಂದ ಇದ್ದಾರೆ. ಹಾಲಿಲ್ಲದ ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು, ತಾವು ಮಾತ್ರ ಕೂರಲಿಲ್ಲ. ಜಗದೀಶ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟರು.

"ಎಂತ ಹೇಳುದು ಮಾರ್ರೆ. ಒಂದು ತಿಂಗಳಲ್ಲಿ ಹದಿನಾಲ್ಕು ಕೋಳಿ ಹೋಯ್ತು. ಗೂಡಿನ ಬೀಗ ನನ್ನ ಹತ್ರ. ಅರ್ಬಾಬ್ ಎಂತದೂ ಹೇಳ್ಲಿಲ್ಲ. ಅವರ ದೊಡ್ಡ ಮಗ ಹೇಳಿದ್ರು, ಇದು ಎರಡು ಕಾಲಿನ ನರಿ ಅಂತ. ನನ್ನ ಮುಖ ನೋಡಿಯೇ ಹೇಳಿದ್ದು."

"ನೀವು ಮಾರಿದ್ದೀರಿ ಅಂತವಾ?" ಎಂದರು ಜಗದೀಶ.

"ಮತ್ತೆಂತ? ಬರುವ ಶುಕ್ರವಾರ ತೀರ್ಮಾನ. ನನ್ನನ್ನು ಪೋರ್ಟಿನ ಹತ್ರದ ಗೋಡೌನಿಗೆ ಹಾಕ್ತಾರಂತೆ. ತೋಟ ಖಲಾಸ್. ಕೆಲಸ ಬದಲಾದ್ರೆ ಆಗ್ಲಿ ಟೀಚರೇ, ಗೋಡೌನಿನಲ್ಲೂ ಅನ್ನ ಉಂಟು. ಆದ್ರೆ ಕಳ್ಳ ಅಂತ ಹೆಸರು ತಗೊಂಡು ಉಳ್ಳಾಲಕ್ಕೆ ಹೇಗೆ ಹೋಗುದು? ಹೆಂಡತಿಗೆ ಇನ್ನೂ ಹೇಳ್ಲಿಲ್ಲ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೋಳಿಗೂಡು ತೋರಿಸಿ ಎಂದೆ.

ಗೂಡಿನ ತಂತಿಬಲೆ ಮರಳಿನ ಮೇಲೆ ಸುಮ್ಮನೆ ಊರಿ ನಿಂತಿತ್ತು. ಒಂದು ಮೂಲೆಯಲ್ಲಿ ಬಲೆಯ ಅಡಿಯಿಂದ ಬಿಲ ತೋಡಿತ್ತು. ನಾಯಿ ಕೆರೆದದ್ದಿರಬೇಕು ಎಂದರು ಜಗದೀಶ. ನಾನು ಮಂಡಿಯೂರಿ ಕುಳಿತೆ. ಮರಳಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದಂತೆ ಇದ್ದವು. ನಾಯಿಗೆ ನಾಲ್ಕು ಬೆರಳು, ಇಲ್ಲಿ ಐದು. ಬೆರಳುಗಳಿಂದ ಒಂದಂಗುಲ ಮುಂದೆ ಉಗುರಿನ ಗೆರೆ. ಇಪ್ಪತ್ತೊಂಬತ್ತು ವರ್ಷ ನೋಡಿದ ಹೆಜ್ಜೆಯೇ, ಆದರೆ ನನ್ನ ಬಳೆಯೊಳಗೆ ಹಿಡಿಯುವಷ್ಟು ಸಣ್ಣದು.

"ಕರಡಿ!" ಎಂದೆ.

ಸುಮಿತ್ರಾ ಹಣೆ ಚಚ್ಚಿಕೊಂಡಳು. "ಅಕ್ಕಾ, ನಿನ್ನ ಕೈ ಮುಗೀತೀನಿ, ಇಲ್ಲಿ ಶುರು ಮಾಡಬ್ಯಾಡ."

"ದೊಡ್ಡ ಕರಡಿ ಅಲ್ಲ ಕಣೇ. ತರಕರಡಿ."

ನಮ್ಮ ಕಡೆಯೂ ಇದು ಇದೆ. ನಾನು ನೋಡಿದ್ದು ಒಂದೇ ಸಲ, ಶಾಲೆಯ ಹಿಂದಿನ ಹಾಳುಬಾವಿಯ ಕಟ್ಟೆಯ ಮೇಲೆ. ಮೊಣಕಾಲೆತ್ತರ, ಮೈಯೆಲ್ಲ ಕಪ್ಪು, ಬೆನ್ನಿಗೆ ಮಾತ್ರ ಬಿಳಿ ಕಂಬಳಿ ಹೊದ್ದಂತೆ. ಇದು ಕರಡಿಯ ಕುಲದ್ದಲ್ಲ ಎಂದು ಪುಸ್ತಕ ಹೇಳುತ್ತದೆ. ಇರಬಹುದು. ಆ ನಡಿಗೆ, ಆ ಉಗುರು, ಜೇನು ಕಂಡರೆ ಬಿಡದ ಆ ಮೊಂಡುತನ ಎಲ್ಲ ಕರಡಿಯದೇ. ಜಗದೀಶ ಫೋನಿನಲ್ಲಿ ಹುಡುಕಿದರು. ಐದು ನಿಮಿಷದಲ್ಲಿ ಮುಖ ಅರಳಿಸಿಕೊಂಡು, "ಉಂಟು ಅಕ್ಕ! ಈ ದೇಶದ ಮರಳುಗಾಡಲ್ಲೂ ಉಂಟಂತೆ. ಕಾಣಲಿಕ್ಕೆ ಸಿಗುದು ಕಮ್ಮಿ ಅಂತೆ" ಎಂದರು. ನಾನು ಸುಮಿತ್ರಾಳನ್ನು ನೋಡಿದೆ. ಅವಳು ಪಾರಿವಾಳಗಳನ್ನು ನೋಡತೊಡಗಿದಳು.

ಇಷ್ಟು ದಿನ ಇಲ್ಲದ ಪ್ರಾಣಿ ಈಗೇಕೆ ಬಂತು ಎಂಬುದು ಮುಂದಿನ ಪ್ರಶ್ನೆ. ಉತ್ತರ ಗೂಡಿನ ಪಕ್ಕದಲ್ಲೇ ಇತ್ತು. ತೊಳೆದಿಟ್ಟಂತೆ ಹೊಳೆಯುವ ಒಂದು ಅಗಲವಾದ ಸ್ಟೀಲ್ ತಟ್ಟೆ.

"ಅದು ಬೆಕ್ಕುಗಳಿಗೆ ಟೀಚರೇ" ಎಂದರು ಹಮೀದಣ್ಣ, ಆ ದಿನ ಮೊದಲ ಸಲ ನಗುತ್ತ. "ಸಂಜೆ ಮಗ್ರಿಬ್ ನಮಾಜ್ ಆದ ಮೇಲೆ ಉಳಿದ ಅನ್ನ, ಬಂಗುಡೆ ತಲೆ, ಎಲ್ಲ ಹಾಕಿ ಇಡ್ತೇನೆ. ಬೆಳಿಗ್ಗೆ ನೋಡಿದ್ರೆ ಒಂದು ಅಗುಳು ಇರುದಿಲ್ಲ."

ಹಿಂದೆ ಅವರ ಕೋಣೆಯ ಗೋಡೆಗೆ ಹಗ್ಗ ಕಟ್ಟಿ ಒಣಮೀನು ಬೇರೆ ಇಳಿಬಿಟ್ಟಿದ್ದರು. ಕರಾವಳಿಯವರಿಗೆ ಎಲ್ಲಿ ಹೋದರೂ ಅದು ಬೇಕೇ ಬೇಕು. ನನ್ನ ಬಾಯಿಗೆ ಬೀಗವಿಲ್ಲ. "ಹಮೀದಣ್ಣ, ಬೆಕ್ಕು ತಲೆ ತಿಂದು ಮುಳ್ಳು ಬಿಡ್ತೈತಿ. ಇದು ಮುಳ್ಳೂ ಬಿಟ್ಟಿಲ್ಲ. ಅದನ್ನ ಕರೆದವರು ನೀವೇ. ದಿನಾ ಊಟ ಹಾಕೀರಿ, ಪಕ್ಕದಾಗ ಕೋಳಿ ಇಟ್ಟೀರಿ."

ಅವರ ನಗು ಅಲ್ಲೇ ಆರಿತು. "ಪ್ರಾಣಿಗೆ ಅನ್ನ ಹಾಕಿದ್ದು ತಪ್ಪಾ ಟೀಚರೇ? ಅದು ನನ್ನ ಉಮ್ಮ ಕಲಿಸಿದ್ದು."

ನನಗೆ ಕೆಟ್ಟದೆನಿಸಿತು. ಮೂವತ್ತು ವರ್ಷ ಮಕ್ಕಳಿಗೆ ಬೈದು ಬೈದು ಹಿರಿಯರ ಹತ್ತಿರ ಹೇಗೆ ಮಾತಾಡಬೇಕೆಂದೇ ಮರೆತಿದ್ದೇನೆ. ಸಾವರಿಸಿಕೊಂಡು ಹೇಳಿದೆ: "ಹಾಕೋದು ತಪ್ಪಲ್ಲಣ್ಣ. ಹಾಕಿ ಬಿಟ್ಟು ಹೋಗೋದು ತಪ್ಪು. ಮಧ್ಯಾಹ್ನ ಹಾಕ್ರಿ, ಬೆಕ್ಕು ತಿನ್ನೋ ತನಕ ಅಲ್ಲೇ ನಿಲ್ರಿ, ತಟ್ಟೆ ತೊಳದು ಒಳಗ ಇಡ್ರಿ. ನಿಮ್ಮ ಉಮ್ಮ ಬ್ಯಾಡ ಅಂತಾರೇನು?"

ಅವರು ತಟ್ಟೆಯನ್ನು ಕೈಗೆತ್ತಿಕೊಂಡು, ಇಲ್ಲ ಎಂದು ತಲೆಯಾಡಿಸಿದರು.

ಸೋಮವಾರದಿಂದ ಗುರುವಾರ: ಬಲೆ, ಮರಳು, ಸಿಮೆಂಟು

ಜಗದೀಶರಿಗೆ ಆಫೀಸು. ಹಾಗಾಗಿ ಸುಮಿತ್ರಾಳೇ ಡ್ರೈವರ್. ಹಾರ್ಡ್‌ವೇರ್ ಅಂಗಡಿಯ ಮಲಯಾಳಿ ಯಾವ ಪ್ರಾಣಿಗೆ ಬಲೆ ಎಂದು ಕೇಳಿದ. ಕರಡಿಗೆ ಎಂದೆ. ಅವರ ಭಾಷೆಯಲ್ಲೂ ಅದು ಕರಡಿಯೇ. ಅವನು ನನ್ನನ್ನು ನೋಡಿದ, ಸುಮಿತ್ರಾಳನ್ನು ನೋಡಿದ, ನಗದೆ ಇರಲು ಬಹಳ ಕಷ್ಟಪಟ್ಟು ಅಳತೆ ಮಾಡಿಕೊಟ್ಟ.

ಗೂಡಿನ ಸುತ್ತ ಎರಡು ಗೇಣು ಆಳಕ್ಕೆ ಮರಳು ತೋಡಿ ಹೊಸ ಬಲೆ ಇಳಿಸಿದೆವು. ಬಲೆಯ ತುದಿಯನ್ನು ಹೊರಕ್ಕೆ ಮಡಚಿ ಮತ್ತೆ ಮರಳು ಮುಚ್ಚಿದೆವು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡುತ್ತದೆ, ಎರಡಡಿ ಹಿಂದೆ ಸರಿದು ತೋಡುವ ಬುದ್ಧಿ ಅದಕ್ಕಿಲ್ಲ. ಒಣಮೀನು ತಗಡಿನ ಪೆಟ್ಟಿಗೆ ಸೇರಿತು. ಮೇಕೆಗಳಿಗೆ ತಂದಿದ್ದ ಹಳೆಯ ಖರ್ಜೂರದ ಚೀಲ ಬಾಗಿಲಿರುವ ಕೋಣೆಗೆ ಹೋಯಿತು. ತಟ್ಟೆ ಹೇಳಿದಂತೆ ಮಧ್ಯಾಹ್ನದ ಪಾಳಿಗೆ ಬಂತು. ಬೆಕ್ಕುಗಳ ಪಕ್ಕ ಕಾವಲು ನಿಂತ ಹಮೀದಣ್ಣ ಬಿಸಿಯೂಟದ ಸಾಲು ಕಾಯುವ ಮೇಷ್ಟರಂತೆ ಕಾಣುತ್ತಿದ್ದರು.

ಗುರುವಾರ ಬೆಳಿಗ್ಗೆ ನನಗೆ ಇನ್ನೊಂದು ಕಂಡಿತು. ತೋಟದ ಹೊರಗೋಡೆಯ ಬುಡದಲ್ಲಿ, ನೀರಿನ ಪೈಪಿಗೆಂದು ಬಿಟ್ಟ ಕಂಡಿ. ಅದರ ಅಂಚಿನಲ್ಲಿ ಒರಟಾದ ಕಪ್ಪು ಬಿಳಿ ಕೂದಲು. "ಇದೇ ನೋಡ್ರಿ ಅದರ ಹೆಬ್ಬಾಗಿಲು" ಎಂದು ಕೂಗಿದೆ. ಹಮೀದಣ್ಣ ಕಲ್ಲಿಟ್ಟು ಸಿಮೆಂಟು ಮೆತ್ತಿದರು. ನಾನು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದೆ. ನನ್ನಷ್ಟು ತಿಳಿದವಳು ಈ ದೇಶದಲ್ಲಿ ಇನ್ನೊಬ್ಬಳಿಲ್ಲ ಎಂಬ ಭಾವ.

ಅಂದು ಸಂಜೆ ಫೋನಿನಲ್ಲಿ ಜಗದೀಶ ಹಮೀದಣ್ಣನಿಗೆ ಒಂದು ಮಾತು ಹೇಳಿದರು. "ನಾಳೆ ಪ್ರಾಣಿ ಬಂತು, ಕೋಳಿ ಹಿಡೀತು ಅಂತ ಅಷ್ಟೇ ಹೇಳಿ ಹಮೀದಾಕ. ತಟ್ಟೆಯ ವಿಷಯ ಎತ್ತಬೇಡಿ. ಮತ್ತೆ ತಪ್ಪು ನಿಮ್ಮ ತಲೆಗೇ ಬರ್ತದೆ." ನಾನೂ ಪಕ್ಕದಿಂದ ಹೌದು ಹೌದು ಎಂದೆ. ಹಮೀದಣ್ಣ ನಮಾಜಿಗೆ ಹೊತ್ತಾಯಿತು ಎಂದು ಫೋನಿಟ್ಟರು.

ಶುಕ್ರವಾರ

ಬೆಳಿಗ್ಗೆ ಹಮೀದಣ್ಣನ ಫೋನು. ಕೋಳಿ ಒಂದೂ ಹೋಗಿಲ್ಲ. ಆದರೆ ಗೂಡಿನ ಸುತ್ತ ಹೊಸದಾಗಿ ತೋಡಿದ ಗುರುತಿದೆ, ಬಲೆ ತಡೆದಿದೆ. ನಾನು ಹಾಸಿಗೆಯಲ್ಲೇ ಕುಣಿದೆ.

"ಆದ್ರೆ ಟೀಚರೇ, ಹೊರಗಿನ ಕಂಡಿ ಮುಚ್ಚಿದ್ದೇವಲ್ಲ. ಮತ್ತೆ ಎಲ್ಲಿಂದ ಬಂತು?"

"ಗೋಡೆ ಹತ್ತಿ ಬಂದಿರಬೇಕ್ರಿ" ಎಂದು ಫೋನಿಟ್ಟೆ. ಗೆದ್ದ ಖುಷಿಯಲ್ಲಿ ಯಾರಿಗೆ ಬೇಕು ಅಡ್ಡಪ್ರಶ್ನೆ!

ಸಂಜೆ ನಾಲ್ಕರ ಹೊತ್ತಿಗೆ ನಾವು ತೋಟದಲ್ಲಿದ್ದೆವು. ಅರ್ಬಾಬ್ ಬಂದಿದ್ದರು, ತೆಳ್ಳಗಿನ ಮೈ, ಕೈಯಲ್ಲಿ ಕೋಲು. ಮಗ, ಸೊಸೆಯಂದಿರು, ಓಡಾಡುವ ಮೊಮ್ಮಕ್ಕಳು. ಕಡಲೆಬೀಜದಷ್ಟು ಪುಟ್ಟ ಲೋಟದಲ್ಲಿ ಏಲಕ್ಕಿ ಕಾಫಿ ಕೊಟ್ಟರು. ಖಾಲಿಯಾದಂತೆಲ್ಲ ತುಂಬುತ್ತಲೇ ಇದ್ದರು. ಸಾಕು ಎನ್ನಲು ಲೋಟ ಅಲ್ಲಾಡಿಸಬೇಕಂತೆ, ಅದು ಗೊತ್ತಾಗುವಷ್ಟರಲ್ಲಿ ನಾನು ಏಳು ಲೋಟ ಕುಡಿದಿದ್ದೆ.

ದೊಡ್ಡ ಮಗನಿಗೆ ಒಳ್ಳೆಯ ಇಂಗ್ಲಿಷ್ ಬರುತ್ತಿತ್ತು. ಹೆಜ್ಜೆ ತೋರಿಸಿದೆ, ಕೂದಲು ತೋರಿಸಿದೆ, ತೋಡಿದ ಜಾಗ ತೋರಿಸಿದೆ. ವಿನಯದಿಂದಲೇ ಎಲ್ಲ ನೋಡಿದ. ಆಮೇಲೆ, ಇಂಥ ಗೀರುಗಳನ್ನು ಯಾರು ಬೇಕಾದರೂ ಕುಂಟೆಯಿಂದ ಎಳೆಯಬಹುದಲ್ಲ ಎಂದ. ಸಿಕ್ಕಿಬೀಳುವ ಹೆದರಿಕೆ ಬಂದ ಮೇಲೆ ಕೋಳಿ ಉಳಿದದ್ದರಲ್ಲಿ ಆಶ್ಚರ್ಯವೇನು ಎಂದೂ ಸೇರಿಸಿದ. ಹಮೀದಣ್ಣನಿಗೆ ಇಂಗ್ಲಿಷ್ ಬಾರದು, ಆದರೂ ಮುಖ ನೋಡಿಯೇ ಎಲ್ಲ ಅರ್ಥವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು, ತೋರಿಸಲು ಇನ್ನೇನಾದರೂ ಸಿಕ್ಕೀತೇ ಎಂದು ಮತ್ತೆ ಮರಳಿನ ಮೇಲೆ ಬಗ್ಗಿದೆ.

ಆಗ ಮೂಲೆಯಲ್ಲಿ ಒಟ್ಟಿದ್ದ ಖರ್ಜೂರದ ಒಣಗರಿಯ ರಾಶಿ ಅಲ್ಲಾಡಿತು.

ಮೊದಲು ಕಪ್ಪು ಮೂತಿ, ಆಮೇಲೆ ಬಿಳಿ ಬೆನ್ನು. ಹೊರಬಂದು ನೇರ ಹೊರಗೋಡೆಯ ಕಂಡಿಯ ಹತ್ತಿರ ಹೋಯಿತು. ಅಲ್ಲಿ ನಮ್ಮ ಸಿಮೆಂಟು. ಎರಡು ಸಲ ಕೆರೆಯಿತು, ತಿರುಗಿತು, ಹಲ್ಲು ಕಿರಿದು ಗರಗರ ಸದ್ದು ಮಾಡಿತು. ಆಗ ನನಗೆ ಹೊಳೆಯಿತು. ಗುರುವಾರ ಬೆಳಿಗ್ಗೆ ಅದು ಒಳಗೇ ಮಲಗಿತ್ತು. ಅದು ಒಳಗಿದೆಯೋ ಹೊರಗಿದೆಯೋ ನೋಡದೆ ಬಾಗಿಲು ಮುಚ್ಚಿಸಿದವಳು ನಾನು, ಕರಡಿ ಟೀಚರ್! ಎರಡನೆಯ ತರಗತಿಯ ಮಕ್ಕಳೂ ಮಾಡದ ತಪ್ಪು.

ಅದಕ್ಕೂ ದೊಡ್ಡ ಗೇಟಿಗೂ ನಡುವೆ ಆರು ವರ್ಷದ ಮೊಮ್ಮಗಳೊಬ್ಬಳು ಚೆಂಡು ಹಿಡಿದು ನಿಂತಿದ್ದಳು. ದೊಡ್ಡ ಮಗನ ಮಗಳೇ.

ಎಲ್ಲರೂ ಒಟ್ಟಿಗೆ ಕೂಗಿದರು. ಗೇಟು ಮುಚ್ಚಲು ಇಬ್ಬರು ಓಡಿದರು. ಮಗ ಸಲಿಕೆ ಎತ್ತಿಕೊಂಡು ಪ್ರಾಣಿಯ ಕಡೆ ನುಗ್ಗಿದ. ನಾನು ಅವನ ಬಿಳಿ ಅಂಗಿಯ ತೋಳನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದೆ. ನನ್ನ ಇಂಗ್ಲಿಷ್ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಹೊಡೀಬ್ಯಾಡಪ್ಪಾ! ಗೇಟ್ ಮುಚ್ಚಬ್ಯಾಡ್ರೀ, ತೆಗೀರಿ! ಪೂರ್ತಿ ತೆಗೀರಿ! ಹಮೀದಣ್ಣ, ಕೂಸಿಗೆ ಓಡಬ್ಯಾಡ ಅನ್ರಿ, ಮೆಲ್ಲಕ ಹಿಂದಕ ಬಾ ಅನ್ರಿ!"

ಹಮೀದಣ್ಣ ಅರಬ್ಬಿಯಲ್ಲಿ ಮಾತಾಡಿದರು. ಕೂಗಲಿಲ್ಲ. ಆ ಮಗುವನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದವರ ದನಿ ಅದು. ಮಗು ಅವರ ಮುಖವನ್ನೇ ನೋಡುತ್ತ ಒಂದು ಹೆಜ್ಜೆ ಹಿಂದಿಟ್ಟಿತು, ಇನ್ನೊಂದು, ಮತ್ತೊಂದು. ಅವರು ಮುಂದೆ ಹೋಗಿ ಅವಳನ್ನು ಎತ್ತಿ ಬೆನ್ನು ತಿರುಗಿಸದೆ ಬದಿಗೆ ಸರಿದರು. ನಾವೆಲ್ಲ ಗೋಡೆಗೆ ಅಂಟಿ ನಿಂತೆವು. ಗೇಟು ಹಾರುಹೊಡೆದಿತ್ತು.

ತರಕರಡಿ ನಮ್ಮನ್ನು ಒಮ್ಮೆ ನೋಡಿತು. ಆಮೇಲೆ ತಪಾಸಣೆ ಮುಗಿಸಿದ ಶಾಲಾ ಇನ್ಸ್‌ಪೆಕ್ಟರಂತೆ, ಅವಸರವಿಲ್ಲದೆ, ನಮ್ಮೆಲ್ಲರ ಎದುರಿಗೇ ಅಂಗಳ ದಾಟಿ ಗೇಟಿನಿಂದ ಹೊರಟುಹೋಯಿತು.

ಮೊದಲು ಮಾತಾಡಿದವರು ಅರ್ಬಾಬ್. ಆ ಪ್ರಾಣಿಗೆ ಅವರು ಹೇಳಿದ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ. ಚಿಕ್ಕವನಿದ್ದಾಗ ತಂದೆಯ ಜೊತೆ ನೋಡಿದ್ದೆ, ಎಲ್ಲ ಮುಗಿದುಹೋಗಿವೆ ಎಂದುಕೊಂಡಿದ್ದೆ ಎಂದರಂತೆ. ಕಣ್ಣು ಒದ್ದೆಯಾಗಿತ್ತು. ಕಂಡಿ ಮುಚ್ಚಿಸಿದ್ದು ನನ್ನ ತಪ್ಪು ಎಂದು ನಾನು ಒಪ್ಪಿಕೊಂಡೆ. ಅಷ್ಟರಲ್ಲಿ ಹಮೀದಣ್ಣ ಮಗುವನ್ನು ಕೆಳಗಿಳಿಸಿ ಅರ್ಬಾಬರ ಎದುರು ಹೋಗಿ ನಿಂತರು. ಜಗದೀಶ ಅಂಗಿ ಹಿಡಿದು ಎಳೆದರೂ ಕೇಳಲಿಲ್ಲ. ತಟ್ಟೆಯ ವಿಷಯ, ಮೀನಿನ ತಲೆಯ ವಿಷಯ, ಒಣಮೀನಿನ ಹಗ್ಗ, ಒಂದೂ ಬಿಡದೆ ಹೇಳಿದರು. ಕೋಳಿ ಹೋದದ್ದು ನನ್ನಿಂದಲೇ, ಆದರೆ ಕದ್ದಿಲ್ಲ ಎಂದರು. ಅದನ್ನು ಜಗದೀಶ ನನಗೆ ಪಿಸುಗುಟ್ಟಿ ತಿಳಿಸಿದರು.

ಅರ್ಬಾಬ್ ಮಗನ ಕಡೆ ನೋಡಿದರು, ಅಷ್ಟೇ. ಮಗ ಸಲಿಕೆ ಗೋಡೆಗೆ ಒರಗಿಸಿ, ನಡೆದು ಬಂದು, ಹಮೀದಣ್ಣನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆತ್ತಿಗೆ ಮುತ್ತಿಟ್ಟ. ಇಲ್ಲಿ ತಂದೆಯಂಥವರ ಹತ್ತಿರ ತಪ್ಪೊಪ್ಪಿಕೊಳ್ಳುವುದು ಹೀಗಂತೆ. ನನಗೆ ಕುಣಿಯಬೇಕೆನಿಸಿತು, ಅಳುವೂ ಬಂತು. ಸುಮಿತ್ರಾ ನನ್ನ ಕೈಯನ್ನು ಬಳೆ ಒಡೆಯುವಷ್ಟು ಗಟ್ಟಿಯಾಗಿ ಹಿಡಿದಿದ್ದಳು.

ಮಗ್ರಿಬ್ ನಮಾಜಿನ ನಂತರ ಚಾಪೆ ಹಾಸಿದರು, ಗಂಡಸರದು ಒಂದು ಕಡೆ, ನಮ್ಮದು ಇನ್ನೊಂದು ಕಡೆ. ಎತ್ತಿನಗಾಡಿಯ ಚಕ್ರದಷ್ಟು ದೊಡ್ಡ ಹರಿವಾಣದಲ್ಲಿ ಅನ್ನ, ಮಾಂಸ. ನನಗೆಂದು ಬೇರೆ ಮೊಸರು, ಸೊಪ್ಪು, ರೊಟ್ಟಿ. ಅರ್ಬಾಬ್ ಹಮೀದಣ್ಣನನ್ನು ತಮ್ಮ ಬಲಕ್ಕೆ ಕೂರಿಸಿಕೊಂಡು, ಮಾಂಸದ ಮೆತ್ತನೆಯ ತುಂಡನ್ನು ಕೈಯಾರೆ ಬಿಡಿಸಿ ಅವರ ಮುಂದಿಡುತ್ತಿದ್ದರು. ಗೋಡೌನಿನ ಮಾತನ್ನು ಯಾರೂ ಎತ್ತಲಿಲ್ಲ. ಆ ಪ್ರಾಣಿಗೆ ವಿಷ ಗಿಷ ಇಡಬಾರದು ಎಂದು ನಾನು ಹೆಂಗಸರ ಚಾಪೆಯಿಂದಲೇ ಕೂಗಿ ಹೇಳಿದೆ. ಅರ್ಬಾಬ್ ಎದೆಯ ಮೇಲೆ ಕೈಯಿಟ್ಟು ಒಪ್ಪಿದರು.

ಊಟದ ನಡುವೆ ಹಮೀದಣ್ಣನ ಫೋನು ಹೊಡೆದುಕೊಂಡಿತು. ಉಳ್ಳಾಲದಿಂದ ಹೆಂಡತಿ, ಶುಕ್ರವಾರದ ಮಾಮೂಲು ಕರೆ. ಬ್ಯಾರಿ ಭಾಷೆಯಲ್ಲಿ ಎರಡೇ ಮಾತಾಡಿ, ಎಡಗೈಯಿಂದ ಕಣ್ಣೊರೆಸಿಕೊಂಡು ಫೋನಿಟ್ಟರು. ಊಟ ಮುಗಿದು ಕಾರು ಹತ್ತುವಾಗ, ಏನಂತೆ ಎಂದು ಬ್ಯಾರಿ ಬಲ್ಲ ಜಗದೀಶರನ್ನು ಕೇಳಿದೆ.

"ಎಂತ ವಿಶೇಷ ಅಂತ ಅವರು ಕೇಳಿದ್ರು" ಎಂದರು ಜಗದೀಶ. "ಎಂತದೂ ಇಲ್ಲ, ಊಟ ಮಾಡ್ತಾ ಇದ್ದೇನೆ ಅಂತ ಹೇಳಿದ್ರು."